ಎತ್ತುತ್ತದೆ, ಆದರೆ ಕೈಗೆ ಕೊಡುವುದಿಲ್ಲ: ಸಹಾಯಕ ನಾಯಿಗೆ ಮನೆಯಲ್ಲೇ ತರಬೇತಿ

ವೀಲ್‌ಚೇರ್ ಗೆಳತಿ, ಮೈಸೂರು

ವೀಲ್‌ಚೇರಿನಲ್ಲಿ ಕೂತಿರುವ ನನಗೆ ನೆಲಕ್ಕೆ ಬಿದ್ದದ್ದನ್ನು ಎತ್ತಿ ಕೈಗೆ ಕೊಡುವ ಕೆಲಸವನ್ನು ನನ್ನ ನಾಯಿಗೆ ಕಲಿಸಬೇಕು. ನಾಯಿ 14 ತಿಂಗಳ ಹೆಣ್ಣು ಲ್ಯಾಬ್ರಡಾರ್, 25 ಕೆ.ಜಿ. ಕ್ಲಿಕ್ಕರ್ (ಒತ್ತಿದರೆ ‘ಟಕ್’ ಅನ್ನುವ ಪುಟ್ಟ ಸಾಧನ) ಸದ್ದಾದರೆ ತಿಂಡಿ ಬರುತ್ತದೆ ಅನ್ನೋದು ಗೊತ್ತು, ಅಂಗೈಗೆ ಮೂಗು ಮುಟ್ಟಿಸೋದೂ ಗೊತ್ತು. ಸಿಕ್ಕಿಕೊಂಡಿರೋದು ಇಲ್ಲಿ: ಕರ್ಚೀಫು ಎತ್ತುತ್ತದೆ, ಎರಡು ಹೆಜ್ಜೆ ಬರುತ್ತದೆ, ಕುರ್ಚಿ ಇನ್ನೂ ಒಂದಡಿ ದೂರ ಇರುವಾಗಲೇ ಉಗುಳಿ ಮುಖ ನೋಡುತ್ತದೆ. ಬೀಗದಕೈ, ಸ್ಟೀಲ್ ಚಮಚ ಇಟ್ಟರೆ ಮೂಸಿ ಸರಿದುಬಿಡುತ್ತದೆ. ನನ್ನ ಬಲಗೈ ಬೆರಳುಗಳಲ್ಲಿ ಹಿಡಿತ ಕಡಿಮೆ. ಮನೆಯಲ್ಲಿ ಮಾಂಸ ಇಲ್ಲ, ಮೊಟ್ಟೆಗೆ ಅಡ್ಡಿಯಿಲ್ಲ. ಬಳಸುತ್ತಿರುವ ಮಾತುಗಳು: ಬಾ, ತಾ, ಬಿಡು, ಕೊಡು. ಎಲ್ಲಿ ತಪ್ಪುತ್ತಿದೆ?

ತುಂಗಾತೀರ

ಉಗುಳಿ ಮುಖ ನೋಡೋದು ಹಠ ಅಲ್ಲ ಮೇಡಂ, ನೀವು ಕಲಿಸಿದ್ದನ್ನೇ ಒಪ್ಪಿಸುತ್ತಿದೆ. ಎತ್ತಿದ ಕೂಡಲೇ ಕ್ಲಿಕ್ ಮಾಡುತ್ತಾ ಬಂದಿರುತ್ತೀರಿ. ಕ್ಲಿಕ್ ಅಂದರೆ ಕೆಲಸ ಮುಗಿಯಿತು ಅಂತ. ತಿಂಡಿ ತಿನ್ನೋಕೆ ಬಾಯಿ ಖಾಲಿ ಬೇಕು, ಹಾಗಾಗಿ ಉಗುಳುತ್ತದೆ. ನೂರು ಸಲ ಹೀಗಾದರೆ ಅದರ ಲೆಕ್ಕದಲ್ಲಿ ‘ಎತ್ತು, ಉಗುಳು, ತಿನ್ನು’ ಅನ್ನೋದೇ ಪೂರ್ತಿ ಪಾಠ. ಫೋನನ್ನು ಸ್ಟೂಲಿಗೆ ಒರಗಿಸಿ ಹತ್ತು ಸಲದ್ದು ವಿಡಿಯೊ ಮಾಡಿ, ನಿಧಾನವಾಗಿ ಓಡಿಸಿ ನೋಡಿ. ಕ್ಲಿಕ್ ಕೇಳುವಾಗ ಕರ್ಚೀಫು ಹಲ್ಲಿನ ನಡುವೆ ಇದೆಯೋ, ಆಗಲೇ ಗಾಳಿಯಲ್ಲಿದೆಯೋ? ಗಾಳಿಯಲ್ಲಿದ್ದರೆ ನೀವು ದುಡ್ಡು ಕೊಡುತ್ತಿರೋದು ಬೀಳಿಸಿದ್ದಕ್ಕೆ.

ಈ ಪಾಠವನ್ನು ಬಾಲದಿಂದ ತಲೆಯ ಕಡೆಗೆ ಕಲಿಸಬೇಕು. ಸರಣಿಯ ಕೊನೆ ಕೈಗೆ ಕೊಡೋದು, ಅದು ಮೊದಲು. ನೆಲದಿಂದ ಎತ್ತೋದು ಎಲ್ಲಕ್ಕಿಂತ ಕೊನೆಗೆ. ಕರ್ಚೀಫನ್ನು ಸದ್ಯಕ್ಕೆ ಕಪಾಟಿಗೆ ಹಾಕಿ. ಬಟ್ಟೆ ಮೆತ್ತಗೆ, ಜಗಿಯೋಕೆ ಕರೆಯುತ್ತದೆ, ಹಿಡಿತ ಕಲಿಸೋಕೆ ಒಳ್ಳೆಯದಲ್ಲ.

ಒಂದು ಗೇಣು ಉದ್ದ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಮರದ ಕೋಲು ತೊಗೊಳ್ಳಿ. ಹಳೇ ಲಟ್ಟಣಿಗೆ ಕತ್ತರಿಸಿದರೂ ಆಗುತ್ತದೆ, ತುದಿಗಳನ್ನು ಮರಳು ಕಾಗದದಲ್ಲಿ ಉಜ್ಜಿ. ಎಡಗೈಯಲ್ಲಿ ಒಂದು ತುದಿ ಹಿಡಿದು ನಾಯಿಯ ಮೂಗಿನ ಮಟ್ಟಕ್ಕೆ ತನ್ನಿ. ಮೂಗು ಮುಟ್ಟಿಸಿದರೆ ಕ್ಲಿಕ್, ತಿಂಡಿ. ಐದಾರು ಸಲ ಆದ ಮೇಲೆ ಬರೀ ಮುಟ್ಟಿದ್ದಕ್ಕೆ ಕ್ಲಿಕ್ ಬೇಡ, ಎರಡು ಮೂರು ಸೆಕೆಂಡು ಕಾಯಿರಿ. ‘ಯಾಕೆ ಬರಲಿಲ್ಲ?’ ಅಂತ ನಾಯಿ ಸ್ವಲ್ಪ ಜೋರಾಗಿ ಪ್ರಯತ್ನಿಸುತ್ತದೆ, ತುಟಿ ಬಿಚ್ಚುತ್ತದೆ, ಆಗ ಕ್ಲಿಕ್. ಆಮೇಲೆ ಹಲ್ಲು ತಾಗಿದ್ದಕ್ಕೆ, ಆಮೇಲೆ ಬಾಯಿ ಮುಚ್ಚಿ ಹಿಡಿದದ್ದಕ್ಕೆ. ಇಷ್ಟೂ ಹೊತ್ತು ಕೋಲಿನ ಇನ್ನೊಂದು ತುದಿ ನಿಮ್ಮ ಕೈಯಲ್ಲೇ ಇರಬೇಕು. ನಾಯಿ ಮೂರು ಸೆಕೆಂಡು ಹಿಡಿಯುವ ತನಕ ಬಿಡಬೇಡಿ.

ಹೊತ್ತನ್ನು ಏಣಿಯ ಮೆಟ್ಟಿಲಿನ ಹಾಗೆ ಏರಿಸಬೇಡಿ. 1 ಸೆಕೆಂಡು, 2, 1, 3, 2, 5, 1, 4 ಹೀಗೆ ಏರಿಳಿಯಲಿ. ಬರೀ ಏರುತ್ತಾ ಹೋದರೆ ‘ಪ್ರತಿ ಸಲವೂ ಕಷ್ಟ ಜಾಸ್ತಿ’ ಅಂತ ಅದಕ್ಕೆ ಗೊತ್ತಾಗಿ ಕೋಲು ಕಂಡರೆ ಮುಖ ತಿರುಗಿಸುತ್ತದೆ.

ಈಗ ಬೆರಳು ಸಡಿಲಿಸಿ, ಅಂಗೈಯನ್ನು ಕೋಲಿನ ಕೆಳಗೆ ಒಂದಿಂಚು ದೂರದಲ್ಲಿ ಚಾಚಿ. ಬಾಯಲ್ಲಿ ಇರುವಾಗಲೇ ಕ್ಲಿಕ್, ಕೋಲು ನೇರ ಅಂಗೈಗೆ ಬೀಳುತ್ತದೆ. ಅಂಗೈಗೆ ಬಿದ್ದರೆ ತಿಂಡಿ. ನೆಲಕ್ಕೆ ಬಿದ್ದರೆ ಏನೂ ಇಲ್ಲ. ಬೈಗುಳವೂ ಇಲ್ಲ, ಸುಮ್ಮನೆ ಯಾರಿಂದಾದರೂ ಎತ್ತಿಸಿ ಮತ್ತೆ ಶುರು. ಮುಂದೆ ಅಂಗೈಯನ್ನು ನಾಲ್ಕಿಂಚು ಪಕ್ಕಕ್ಕೆ, ಆಮೇಲೆ ಒಂದು ಹೆಜ್ಜೆ ದೂರಕ್ಕೆ ಸರಿಸಿ. ಕೋಲನ್ನು ಒಂದಡಿ ಎತ್ತರದ ಮಣೆಯ ಮೇಲಿಟ್ಟು ತರಿಸಿ. ಆಮೇಲೆ ನೆಲ. ತಲೆ ತಗ್ಗಿಸಿ ಕಚ್ಚಿಕೊಂಡು ಏಳೋದು ನಾವಂದುಕೊಂಡದ್ದಕ್ಕಿಂತ ಕಷ್ಟದ ಕೆಲಸ, ಅದಕ್ಕೇ ನೆಲ ಕೊನೆಗೆ.

ಯಾವಾಗ ಮುಂದಿನ ಮೆಟ್ಟಿಲು? ಹತ್ತರಲ್ಲಿ ಎಂಟು ಸರಿ ಬಂದರೆ ಮುಂದೆ. ಐದು ಅಥವಾ ಕಡಿಮೆ ಬಂದರೆ ಹಿಂದಿನದಕ್ಕೆ. ಆರು, ಏಳು ಬಂದರೆ ಅಲ್ಲೇ ಇನ್ನೊಂದು ಸುತ್ತು. ಒಂದು ಸುತ್ತು ಎರಡು ನಿಮಿಷ, ದಿನಕ್ಕೆ ನಾಲ್ಕು ಸುತ್ತು ಸಾಕು. ಅರ್ಧ ಗಂಟೆ ಒಂದೇ ಸಮ ಕೂತರೆ ಕೊನೆಯ ಇಪ್ಪತ್ತು ನಿಮಿಷ ತಪ್ಪನ್ನೇ ಅಭ್ಯಾಸ ಮಾಡಿಸಿದ ಹಾಗೆ.

ಅಕ್ಷರ ಅಜ್ಜ

ಮೇಲಿನವರು ಮಾತುಗಳ ಕಡೆ ನೋಡಲಿಲ್ಲ. ಬಾ, ತಾ. ಬಿಡು, ಕೊಡು. ನಾಯಿಗೆ ಕನ್ನಡ ವ್ಯಾಕರಣ ಬರದು ತಾಯಿ, ಅದು ಕೇಳೋದು ಸದ್ದು. ಎರಡು ಜೋಡಿಯೂ ಪ್ರಾಸಬದ್ಧವಾಗಿವೆ! ‘ಕೊಡು’ ಅಂದಾಗ ‘ಬಿಡು’ ಅಂತ ಕೇಳಿಸಿಕೊಂಡರೆ ಒಂದಡಿ ದೂರದಲ್ಲಿ ಉಗುಳೋದು ಸರಿಯಾದ ಉತ್ತರವೇ.

ಒಂದಕ್ಕೊಂದು ಹೋಲದ ಮಾತು ಆರಿಸಿ. ಎತ್ತೋಕೆ ‘ಎತ್ಕೋ’, ಬಾಯಲ್ಲಿ ಇಟ್ಟುಕೊಳ್ಳೋಕೆ ‘ಹಿಡಿ’, ತಂದು ಒಪ್ಪಿಸೋಕೆ ‘ಕೈಗೆ’, ಮುಟ್ಟಬೇಡ ಅನ್ನೋಕೆ ‘ಬೇಡ’. ಇನ್ನೊಂದು ತೊಂದರೆ, ‘ಬಾ’ ಅನ್ನೋ ಮಾತು ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಬೀಳುತ್ತದೆ ಎಣಿಸಿ. ಊಟಕ್ಕೆ ಬಾ, ಒಳಗೆ ಬಾ, ಇಲ್ಲಿ ಬಾ. ನಾಯಿಗೆ ಸಂಬಂಧವಿಲ್ಲದೆ ಸವೆದುಹೋದ ಮಾತು ಅದು. ಕರೆಯೋಕೆ ಸೀಟಿಯೋ ಯಾರೂ ಆಡದ ಬೇರೆ ಮಾತೋ ಇಟ್ಟುಕೊಳ್ಳಿ.

ಮತ್ತೆ, ಕೆಲಸ ಹತ್ತರಲ್ಲಿ ಎಂಟು ಸಲ ತಾನಾಗಿ ಬರುವ ತನಕ ಮಾತೇ ಬೇಡ. ತಪ್ಪು ಮಾಡುತ್ತಿರುವಾಗ ‘ಎತ್ಕೋ ಎತ್ಕೋ’ ಅಂತ ಜಪ ಮಾಡಿದರೆ ಆ ತಪ್ಪಿಗೇ ‘ಎತ್ಕೋ’ ಅಂತ ಹೆಸರಿಟ್ಟಂತೆ.

ಕೊಡಗು ಕಾಫಿ

ಹಿಡಿತವಿಲ್ಲದ ಕೈಗೆ ಕೆಲವು ಉಪಾಯ. ಕ್ಲಿಕ್ಕರ್ ಒತ್ತಲು ಆಗದಿದ್ದರೆ ನಾಲಿಗೆಯನ್ನು ಅಂಗುಳಕ್ಕೆ ಬಡಿದು ‘ಟಕ್’ ಅನ್ನಿಸಿ, ಇಲ್ಲವೇ ‘ಸೈ’ ಅನ್ನಿ. ಸದ್ದು ಚಿಕ್ಕದು, ಪ್ರತಿ ಸಲ ಒಂದೇ ಥರ ಇರಬೇಕು, ಅಷ್ಟೇ. ಮೊದಲು ಹದಿನೈದಿಪ್ಪತ್ತು ಸಲ ಸುಮ್ಮನೆ ‘ಸೈ’, ತಿಂಡಿ, ‘ಸೈ’, ತಿಂಡಿ ಮಾಡಿ ಹೊಸ ಸದ್ದಿಗೆ ಬೆಲೆ ತುಂಬಿ.

ತಿಂಡಿ ಕೊಡೋಕೆ ಒಂದಿಂಚಿನ ಪಿವಿಸಿ ಪೈಪು, ಎರಡೂವರೆ ಅಡಿ. ಕುರ್ಚಿಯ ಕೈಗೆ ಓರೆಯಾಗಿ ಎರಡು ಕಡೆ ಕಟ್ಟಿ, ಮೇಲೆ ನೀರಿನ ಬಾಟಲಿಯ ಕತ್ತನ್ನು ಕೊರೆದು ಆಲಿಕೆಯ ಹಾಗೆ ಸಿಕ್ಕಿಸಿ, ಕೆಳಗೆ ಬಟ್ಟಲು. ತಿಂಡಿ ಜಾರಿ ಬಟ್ಟಲಿಗೆ ಬೀಳುತ್ತದೆ. ನಾಯಿ ತಿನ್ನೋಕೆ ಅಲ್ಲಿಗೆ ಹೋಗಿ ಮತ್ತೆ ನಿಮ್ಮ ಕಡೆ ತಿರುಗುವಷ್ಟರಲ್ಲಿ ಮುಂದಿನ ಸಲಕ್ಕೆ ನೀವು ತಯಾರು. ಪನೀರ್ ಅಂಟುತ್ತದೆ, ಪೈಪಿಗೆ ಒಣ ತಿಂಡಿಯೇ ಸರಿ.

ಅಂಗೈ ಬದಲು ತೊಡೆಯ ಮೇಲೆ ಎರಡಿಂಚು ಅಂಚಿನ ಅಗಲ ಬುಟ್ಟಿ ಕಟ್ಟಿಕೊಳ್ಳಿ. ‘ಕೈಗೆ’ ಅಂದರೆ ಬುಟ್ಟಿಗೆ. ತುಂಗಾತೀರ ಹೇಳಿದ ಪಾಠ ಹಾಗೇ ನಡೆಯುತ್ತದೆ, ಗುರಿ ಮಾತ್ರ ದೊಡ್ಡದಾಗುತ್ತದೆ.

ಹಳೇ ಬೇಟೆ, ಬಾಗಲಕೋಟೆ

ಇಷ್ಟೆಲ್ಲಾ ಯಾಕ್ರಿ? ಬೇಟೆ ನಾಯಿಗೆ ಕಿವಿ ಹಿಂಡಿ, ಬಾಯಿ ತೆರೆದ ಕೂಡಲೆ ಕೋಲು ಇಡೋದು ಹಳೇ ಪದ್ಧತಿ. ನಾಲ್ಕು ದಿನದಾಗ ಹಿಡಿತ ಬರ್ತದ. ತಿಂಡಿ ಚೀಲ ಖಾಲಿ ಆದ ದಿನ ನಿಮ್ಮ ನಾಯಿ ಏನು ಮಾಡ್ತದ?

ತುಂಗಾತೀರ

ಹಿಡಿತ ಬರುತ್ತದೆ ಸರ್, ಸುಳ್ಳಲ್ಲ. ನೋವು ನಿಲ್ಲಲಿ ಅಂತ ಬಾಯಿ ಮುಚ್ಚುತ್ತದೆ. ಆದರೆ ಕಿವಿ ಹಿಂಡೋಕೆ ಬೆರಳಲ್ಲಿ ಬಲ ಬೇಕು, ಇಲ್ಲಿ ಕೇಳುತ್ತಿರುವವರಿಗೆ ಅದೇ ಇಲ್ಲ. ಅದಕ್ಕಿಂತ ದೊಡ್ಡ ಮಾತು: ಸ್ನಾಯು ಸೆಳೆತ ಇರುವವರ ಕೈ ಹೇಳದೆ ಕೇಳದೆ ಎಗರುತ್ತದೆ. ಕೈಯಿಂದ ನೋವು ಕಂಡ ನಾಯಿ ಆ ಕೈ ಅಲುಗಿದಾಗಲೆಲ್ಲ ಹಿಂಜರಿಯುತ್ತದೆ. ಕೈ ಹತ್ತಿರ ಬರೋದೇ ಇದರ ಉದ್ಯೋಗ ಅಲ್ಲವೇ?

ಇನ್ನೊಂದು ಕಾರಣ. ಕೀ ಬಿದ್ದದ್ದನ್ನು ಕಂಡು, ಯಾರೂ ಹೇಳದೆ ತಾನೇ ಎತ್ತಿಕೊಡುವ ನಾಯಿ ನಮಗೆ ಬೇಕು. ತಪ್ಪಿದರೆ ಏಟು ಅಂತ ಕಲಿತ ನಾಯಿ ಹೊಸದೇನನ್ನೂ ಪ್ರಯತ್ನಿಸದು, ಹೇಳುವ ತನಕ ಕಲ್ಲಿನ ಹಾಗೆ ಕೂತಿರುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಗುರುಗುಟ್ಟುವುದು ನಿಲ್ಲುತ್ತದೆ, ಭಯ ನಿಲ್ಲುವುದಿಲ್ಲ. ಮುಂದಿನ ಸಲ ಮುನ್ಸೂಚನೆಯೇ ಇಲ್ಲದೆ ಕಚ್ಚುತ್ತದೆ. ಪ್ರಾಣಿ ವರ್ತನೆ ನೋಡುವ ಅಮೆರಿಕದ ಪಶುವೈದ್ಯರ ಸಂಘ ಎವಿಎಸ್‌ಎಬಿ 2021ರ ಹೇಳಿಕೆಯಲ್ಲಿ ಎಲ್ಲ ನಾಯಿಗಳಿಗೂ ಬಹುಮಾನದ ವಿಧಾನವನ್ನೇ ಶಿಫಾರಸು ಮಾಡಿದೆ. ನಾಯಿಯ ಕತ್ತಿಗೆ ವಿದ್ಯುತ್ ಏಟು ಕೊಡುವ ಷಾಕ್ ಕಾಲರನ್ನು ಬ್ರಿಟನ್ನಿನ ವೇಲ್ಸ್ 2010ರಲ್ಲೇ ನಿಷೇಧಿಸಿತು.

ಚೀಲ ಖಾಲಿಯಾಗುವ ಪ್ರಶ್ನೆ ನ್ಯಾಯವಾದದ್ದು. ಚೀಲ ಸೊಂಟದಲ್ಲಿದ್ದಾಗ ಮಾತ್ರ ಕೆಲಸ ಮಾಡುವ ನಾಯಿ ನಿಜವಾಗಿಯೂ ಸಿಗುತ್ತದೆ, ತಪ್ಪು ಚೀಲ ತೋರಿಸಿ ಕಲಿಸಿದವರದು. ಮೂರನೇ ವಾರದಿಂದ ತಿಂಡಿ ಡಬ್ಬಿಗಳನ್ನು ಮೂರು ಕೋಣೆಯಲ್ಲಿ ಎತ್ತರಕ್ಕೆ ಇಡಿ, ಕೈಯೂ ಚೀಲವೂ ಖಾಲಿ ಇರಲಿ. ಕ್ಲಿಕ್ ಆದ ಮೇಲೆ ಡಬ್ಬಿಯ ಕಡೆ ಹೋಗಿ. ಪಾಠ ಗಟ್ಟಿಯಾದ ಮೇಲೆ ಸುಲಭದ ಕೆಲಸಕ್ಕೆ ಕೆಲವೊಮ್ಮೆ ತಿಂಡಿ, ಕೆಲವೊಮ್ಮೆ ಬೆನ್ನು ತಟ್ಟೋದು. ಕಷ್ಟದ್ದಕ್ಕೆ ಮಾತ್ರ ಯಾವತ್ತೂ ಸಂಬಳ ತಪ್ಪಿಸಬೇಡಿ. ಪುಕ್ಕಟೆ ದುಡಿಸೋದು ನಮ್ಮ ಗುರಿಯೇ ಅಲ್ಲ.

ಹಳೇ ಬೇಟೆ, ಬಾಗಲಕೋಟೆ

ಆ ಕೈ ಎಗರೋ ಮಾತು ಒಪ್ಪಿದೆ. ಮುಧೋಳ ನಾಯಿಗೆ ಈ ಕೆಲಸ ಹೇಳಿಕೊಡಬಹುದೇನು?

ತುಂಗಾತೀರ

2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ, ಮೆಚ್ಚೋಕೆ ಕಾರಣ ಬೇಕಾದಷ್ಟಿದೆ. ಆದರೆ ಕಣ್ಣಿಗೆ ಓಡಿದ್ದು ಕಂಡರೆ ಬೆನ್ನಟ್ಟೋದು ಅದರ ರಕ್ತ. ಬಾಯಲ್ಲಿ ಹಿಡಿದು ತರೋದು ಲ್ಯಾಬ್ರಡಾರಿಗೆ ತಾನಾಗಿ ಬಂದದ್ದು, ಮುಧೋಳಕ್ಕೆ ಸೊನ್ನೆಯಿಂದ ಕಟ್ಟಬೇಕು. ತಳಿಗಿಂತ ಒಂದೊಂದು ನಾಯಿಯ ಸ್ವಭಾವ ಮುಖ್ಯ. ಐದಾರು ಅಡಿ ದೂರದಲ್ಲಿ ಸ್ಟೀಲ್ ತಟ್ಟೆ ಬೀಳಿಸಿ. ಬೆಚ್ಚೋದು ಸಹಜ. ಕೆಲವು ಸೆಕೆಂಡಿನಲ್ಲಿ ಸುಧಾರಿಸಿಕೊಂಡು ತಟ್ಟೆ ಮೂಸಲು ಬಂದರೆ ಆಸೆ ಇಡಬಹುದು. ಮಂಚದ ಕೆಳಗೆ ಸೇರಿ ಹತ್ತು ನಿಮಿಷ ಬರದಿದ್ದರೆ ಅದು ಒಳ್ಳೆಯ ಮನೆನಾಯಿ, ಈ ಕೆಲಸಕ್ಕೆ ಒತ್ತಾಯಿಸಬೇಡಿ. ಬೀದಿಯಿಂದ ತಂದ ದೇಸಿ ಮರಿಯನ್ನೂ ಇದೇ ತಕ್ಕಡಿಯಲ್ಲಿ ತೂಗಿ.

ಪಶುವೈದ್ಯ, ಶಿವಮೊಗ್ಗ

ನಾಲ್ಕು ಮಾತು.

14 ತಿಂಗಳ ಲ್ಯಾಬ್ರಡಾರ್ ನೋಡೋಕೆ ದೊಡ್ಡದು, ಮೂಳೆ ಇನ್ನೂ ಪಕ್ವವಾಗಿರದು. ಕುರ್ಚಿ ಎಳೆಸೋದು, ಅದರ ಬೆನ್ನಿಗೆ ಭಾರ ಹಾಕಿ ಏಳೋದು ಈಗ ಬೇಡ. ಎರಡು ವರ್ಷಕ್ಕೆ ಸೊಂಟದ ಎಕ್ಸ್‌ರೇ ತೆಗೆಸಿದ ಮೇಲೆ ಯೋಚಿಸಿ. ಬೆನ್ನಿಗೆ ಭಾರ ಹಾಕೋದನ್ನಂತೂ ಆಮೇಲೂ ಮಾಡಿಸದಿದ್ದರೆ ನಾಯಿಗೆ ಒಳ್ಳೆಯದು.

ನೆಲ ನುಣುಪು ಟೈಲ್ಸ್ ಅಥವಾ ಗ್ರಾನೈಟ್ ಆಗಿದ್ದರೆ ಪಾಠದ ಜಾಗಕ್ಕೆ ರಬ್ಬರ್ ಮ್ಯಾಟ್ ಹಾಸಿ. ಬಾಗಿಲು ತೆರೆಯಲು ಅದರ ಹಿಡಿಗೆ ಕಟ್ಟಿದ ಹಗ್ಗ ಎಳೆಯುವಾಗ ಹಿಂಗಾಲು ಜಾರಿದರೆ ಸೊಂಟಕ್ಕೂ ಪೆಟ್ಟು, ನಾಯಿಗೆ ಆ ಬಾಗಿಲ ಮೇಲೇ ಭಯ.

ತಿಂಡಿ ಕಡಲೆಕಾಳಿನ ಗಾತ್ರ ಮೀರಬಾರದು. ಬೇಯಿಸಿದ ಮೊಟ್ಟೆ, ಉಪ್ಪಿಲ್ಲದ ಪನೀರ್, ಬೇಯಿಸಿದ ಗೆಣಸು ಸಾಕು. ಪಾಠದ ತಿಂಡಿ ದಿನದ ಆಹಾರದ ಹತ್ತನೇ ಒಂದು ಭಾಗ ದಾಟದಿರಲಿ, ದಾಟಿದರೆ ರಾತ್ರಿ ಊಟದಲ್ಲಿ ಕಡಿಮೆ ಮಾಡಿ. ಸುಲಭ ಪಾಠಕ್ಕೆ ಅದರ ಊಟದ ಕಾಳನ್ನೇ ಬಳಸಿ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು ವಿಷ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ, ಹಬ್ಬದ ಪಾಯಸದ ಬಟ್ಟಲು ಕೆಳಗೆ ಇಡಬೇಡಿ. ಕಡಲೆಬೀಜದ ಬೆಣ್ಣೆ ಕೊಡುವವರು ಡಬ್ಬಿಯ ಮೇಲೆ ಕ್ಸೈಲಿಟಾಲ್ (ನಾಯಿಗೆ ವಿಷವಾಗುವ ಸಿಹಿಕಾರಕ) ಇದೆಯೇ ಓದಿ, ಇದ್ದರೆ ಕೊಡಲೇಬೇಡಿ.

ಚೆನ್ನಾಗಿ ಕಲಿಯುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ತಿಂಡಿಗೂ ಆಸೆ ತೋರದಿದ್ದರೆ ತರಬೇತಿಯ ತಪ್ಪು ಹುಡುಕುವ ಮೊದಲು ಜ್ವರ ನೋಡಿ. ನಮ್ಮ ಕಡೆ ಉಣ್ಣಿ ಜ್ವರ ಹೀಗೇ ಶುರುವಾಗುತ್ತದೆ. ಗಟ್ಟಿ ವಸ್ತು ಹಿಡಿಯಲು ಮಾತ್ರ ಹಿಂಜರಿದರೆ ಹಲ್ಲು ಮುರಿದಿದೆಯೇ ನೋಡಿಸಿ.

ಕೊಡಗು ಕಾಫಿ

ಲೋಹದ ಪ್ರಶ್ನೆ ಉಳಿದಿದೆ. ಸ್ಟೀಲು ತಣ್ಣಗೆ, ಹಲ್ಲಿಗೆ ತಾಗಿ ಕಟಕಟ ಅನ್ನುತ್ತದೆ, ಬಹಳ ನಾಯಿಗಳಿಗೆ ಸೇರದು. ಚಮಚದ ಹಿಡಿಗೆ ಹತ್ತಿ ಬಟ್ಟೆ ಪೂರ್ತಿ ಸುತ್ತಿ ದಾರ ಕಟ್ಟಿ. ಅದನ್ನು ಕೋಲಿನ ಹಾಗೇ ಕಲಿಸಿ. ಎರಡು ದಿನಕ್ಕೊಮ್ಮೆ ಅರ್ಧ ಇಂಚು ಬಟ್ಟೆ ಕತ್ತರಿಸುತ್ತಾ ಬನ್ನಿ. ಹತ್ತು ಹನ್ನೆರಡು ದಿನಕ್ಕೆ ಬರೀ ಚಮಚ. ಈ ದಿನಗಳಲ್ಲಿ ಮಾಮೂಲಿ ತಿಂಡಿ ಅಲ್ಲ, ಅದಕ್ಕೆ ಪ್ರಾಣವಾದದ್ದೇ ಕೊಡಿ.

ಬೀಗದಕೈಗೆ ಇಷ್ಟು ಕಷ್ಟವೇ ಬೇಡ. ಗೊಂಚಲಿಗೆ ನಾಲ್ಕಿಂಚಿನ ಚರ್ಮದ ಪಟ್ಟಿ ಕಟ್ಟಿ, ನಾಯಿ ಪಟ್ಟಿ ಕಚ್ಚಲಿ. ಫೋನಿಗೆ ರಬ್ಬರಿನ ದಪ್ಪ ಕವರು. ನಾಣ್ಯ, ಎಟಿಎಂ ಕಾರ್ಡು ನೆಲಕ್ಕೆ ಅಂಟಿಕೊಳ್ಳುತ್ತವೆ, ಉಗುರಿನಿಂದ ಕೆರೆಯುತ್ತಾ ಕೊನೆಗೆ ನುಂಗುವ ಅಪಾಯವೂ ಇದೆ, ಬಿಟ್ಟುಬಿಡಿ. ಮಾತ್ರೆ ಪಟ್ಟಿಯನ್ನು ಯಾವ ಕಾರಣಕ್ಕೂ ನೇರ ಎತ್ತಿಸಬೇಡಿ. ಹಗ್ಗದ ಹಿಡಿ ಇರುವ ಜಿಪ್ ಚೀಲದಲ್ಲಿ ಮಾತ್ರೆ ಇರಲಿ, ನಾಯಿಗೆ ಚೀಲ ಮಾತ್ರ ಗೊತ್ತಿರಲಿ.

ಬಾಗಿಲ ಬಗ್ಗೆ ಮೇಲೆ ಹಗ್ಗದ ಮಾತು ಬಂತು. ಕೆಳಗೆ ಒತ್ತುವ ಹಿಡಿಯಾದರೆ ಹತ್ತಿಯ ಹಗ್ಗ ಕಟ್ಟಿ ನಾಯಿ ಎಳೆಯಬಹುದು. ನಮ್ಮ ಮನೆಗಳ ಚಿಲಕ ನಾಯಿಗೆ ಆಗದು. ಸ್ವಿಚ್ಚೂ ಅಷ್ಟೇ, ನಾಲ್ಕೂವರೆ ಅಡಿ ಎತ್ತರದ ಬೋರ್ಡಿಗೆ ದಿನವೂ ನಾಯಿ ಹಾರಿಸೋದಕ್ಕಿಂತ ರಿಮೋಟ್ ಸ್ವಿಚ್ ಹಾಕಿಸೋದು ಅಗ್ಗ. ಎಲ್ಲದಕ್ಕೂ ನಾಯಿಯೇ ಬೇಕಿಲ್ಲ.

ಕಿವಿಮಾತು

ಕಿವಿ ಕೇಳದವರಿಗೂ ಇದೇ ಬಾಲದಿಂದ ತಲೆಗೆ ಹೋಗುವ ಕ್ರಮ ಹೊಂದುತ್ತದೆ, ಬರೆದಿಡುತ್ತೇನೆ. ಬೇಕಾದ ಸರಣಿ: ಸದ್ದು ಕೇಳು, ಜನರ ಬಳಿ ಹೋಗು, ಮೊಣಕಾಲಿಗೆ ಮೂಗು ತಿವಿ, ‘ಏನು?’ ಎಂಬ ಕೈಸನ್ನೆ ಕಂಡರೆ ಸದ್ದಿನ ಕಡೆ ಕರೆದೊಯ್ಯಿ. ಕಲಿಸುವಾಗ ಮೊದಲು ಮೊಣಕಾಲಿಗೆ ತಿವಿಯೋದು. ಆಮೇಲೆ ಪಕ್ಕದಲ್ಲೇ ಫೋನಿನಿಂದ ಕಾಲಿಂಗ್ ಬೆಲ್ ಸದ್ದನ್ನು ಸಣ್ಣದಾಗಿ ಕೇಳಿಸಿ, ಕೂಡಲೇ ತಿವಿಯಲು ಸನ್ನೆ ಮಾಡಿ. ಇಪ್ಪತ್ತು ಮೂವತ್ತು ಸಲ ಆದ ಮೇಲೆ ಸದ್ದಾಗುತ್ತಲೇ, ಸನ್ನೆಗೆ ಮೊದಲೇ ತಿವಿಯುತ್ತದೆ. ಫೋನನ್ನು ಐದಡಿ, ಆಮೇಲೆ ಪಕ್ಕದ ಕೋಣೆಗೆ ಸರಿಸಿ.

ಕ್ಲಿಕ್ ಬದಲು ಹೆಬ್ಬೆರಳು ಎತ್ತಿ ತೋರಿಸೋದು ಗುರುತಾಗುತ್ತದೆ, ನಾಯಿ ನಿಮ್ಮ ಮುಖ ನೋಡುತ್ತಿರಬೇಕು ಅಷ್ಟೇ. ಹೊಗೆಯ ಅಲಾರಂಗೆ ಬೇರೆ ಉತ್ತರ ಕಲಿಸಿ: ತಿವಿದು ಅಲ್ಲೇ ಮಲಗಲಿ. ಬೆಂಕಿಯ ಕಡೆ ಕರೆದೊಯ್ಯಬಾರದು.

ನಮ್ಮ ಮನೆಗಳ ವಿಶೇಷ ಪೀಡೆ ಕುಕ್ಕರ್. ಪಕ್ಕದ ಮನೆಯ ಕುಕ್ಕರ್ ಕೂಗಿದರೂ ನಾಯಿ ಎಬ್ಬಿಸುತ್ತದೆ. ಕೂಗು ಕೇಳದವರಿಗೆ ಯಾರ ಮನೆಯದು ಅಂತ ತಿಳಿಯದೆ ಎರಡಕ್ಕೂ ತಿಂಡಿ ಕೊಟ್ಟುಬಿಡುತ್ತಾರೆ, ಪಾಠ ಕಲಸುಮೇಲೋಗರ. ಕೇಳುವವರೊಬ್ಬರು ಮೊದಲ ಎರಡು ತಿಂಗಳು ಜೊತೆಗಿದ್ದು ನಮ್ಮ ಕುಕ್ಕರಿಗೆ ಮಾತ್ರ ಸಂಬಳ ಕೊಡಿಸಬೇಕು. ಅದಕ್ಕಿಂತ ಸುಲಭ: ಕುಕ್ಕರ್ ಬಿಟ್ಟು, ಬೀದಿಯಲ್ಲಿ ಯಾರ ಬಳಿಯೂ ಇಲ್ಲದ ಸದ್ದಿನ ಟೈಮರ್ ಕಲಿಸಿ.

ಸ್ಯಾನ್ ಹೋಸೆ ಕನ್ನಡತಿ

ಹೊರಗೆ ಕರೆದೊಯ್ಯುವ ಬಗ್ಗೆ. ಇಲ್ಲಿ ಅಮೆರಿಕದಲ್ಲಿ ಎಡಿಎ ಅನ್ನೋ ಅಂಗವಿಕಲರ ಹಕ್ಕಿನ ಕಾನೂನಿನಡಿ ಸ್ವಂತವಾಗಿ ಕಲಿಸಿದ ನಾಯಿಗೂ ಸಂಸ್ಥೆಯಿಂದ ಬಂದ ನಾಯಿಗೂ ಒಂದೇ ಹಕ್ಕು. ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಬೇಕಾದ ಸೇವಾ ನಾಯಿಯೇ? ಯಾವ ಕೆಲಸಕ್ಕೆ ತರಬೇತಾಗಿದೆ? ಕಾಗದ ಕೇಳುವಂತಿಲ್ಲ, ಮಾಡಿ ತೋರಿಸು ಅನ್ನುವಂತಿಲ್ಲ. ಆದರೆ ನಾಯಿ ಹತೋಟಿ ತಪ್ಪಿದರೆ ಹೊರಗೆ ಕಳಿಸಬಹುದು. ಇನ್ನೂ ಕಲಿಯುತ್ತಿರುವ ನಾಯಿಗೆ ಈ ಕಾನೂನು ಅನ್ವಯಿಸದು, ಆಯಾ ರಾಜ್ಯದ ಕಾನೂನು ನೋಡಬೇಕು. ಸ್ವಂತ ತರಬೇತಿಗೆ ಐಎಎಡಿಪಿ (ಸಹಾಯಕ ನಾಯಿ ಇಟ್ಟುಕೊಂಡವರ ಅಂತರರಾಷ್ಟ್ರೀಯ ಸಂಘ) ಹೇಳಿದ ಕನಿಷ್ಠ ಲೆಕ್ಕ, ಆರು ತಿಂಗಳ ಮೇಲೆ ಹರಡಿದ 120 ಗಂಟೆ, ಅದರಲ್ಲಿ 30 ಗಂಟೆ ಹೊರಗಿನ ಓಡಾಟ.

ವೀಲ್‌ಚೇರ್ ಗೆಳತಿ, ಮೈಸೂರು

ಇಲ್ಲಿ ಗುರುತಿನ ಚೀಟಿ, ಜಾಕೆಟ್ ಆನ್‌ಲೈನಿನಲ್ಲಿ ಮಾರುತ್ತಿದ್ದಾರಲ್ಲ, ಕೊಂಡರೆ ಉಪಯೋಗವೇ?

ತುಂಗಾತೀರ

ದುಡ್ಡು ದಂಡ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎಡಿಎ ಥರ ಸಹಾಯಕ ನಾಯಿಗೆ ಅಂತಲೇ ನಿಯಮ ಇಲ್ಲ. ಅಂಗಡಿ, ಬ್ಯಾಂಕು, ಹೋಟೆಲು ಎಲ್ಲ ಕಡೆ ಮೊದಲೇ ಫೋನ್ ಮಾಡಿ ಕೇಳಿ ಹೋಗೋದೇ ದಾರಿ. ಅಪಾರ್ಟ್‌ಮೆಂಟಿನಲ್ಲಿ ತಕರಾರಾದರೆ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ತೋರಿಸಿ: ನಿವಾಸಿಗಳ ಸಂಘ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ.

ಇಲ್ಲಿ ನಿಜವಾದ ಪರೀಕ್ಷೆ ಬಾಗಿಲ ಕಾವಲುಗಾರ ಅಲ್ಲ, ಬೀದಿನಾಯಿಗಳ ಗುಂಪು. ಕುರ್ಚಿ ಓಡಿಸುತ್ತಾ ನಾಯಿಯನ್ನು ಎತ್ತಿಕೊಳ್ಳಲು ಆಗದು. ಹಾಗಾಗಿ ‘ಹಿಂದೆ’ ಅಂದರೆ ಕುರ್ಚಿಯ ಹಿಂಬದಿಗೆ ಬಂದು ನಿಲ್ಲೋದನ್ನು ಮನೆಯೊಳಗೇ ಇನ್ನೂರು ಸಲ ಮಾಡಿಸಿ. ಗುಂಪು ಎದುರಾದರೆ ಒಂದು ಹಿಡಿ ಬಿಸ್ಕತ್ತು ಅವುಗಳ ಕಡೆ ಚೆಲ್ಲಿ ತಿರುಗಿಬಿಡಿ. ಸ್ವಿಚ್ ಒತ್ತಿದರೆ ಬಿಚ್ಚುವ ಕೊಡೆ ಒಳ್ಳೆಯ ಗುರಾಣಿ. ಮೊದಲು ಅದನ್ನು ನಿಮ್ಮ ನಾಯಿಯ ಎದುರು ಕಾಲುಭಾಗ, ಅರ್ಧ, ಪೂರ್ತಿ ಬಿಚ್ಚುತ್ತಾ ತಿಂಡಿ ಕೊಟ್ಟು ಅಭ್ಯಾಸ ಮಾಡಿಸಿ, ಇಲ್ಲದಿದ್ದರೆ ಮೊದಲು ಓಡೋದು ನಿಮ್ಮದೇ. ಬಿಸಿಲಿನಲ್ಲಿ ಹೊರಡುವ ಮುನ್ನ ಡಾಂಬರಿನ ಮೇಲೆ ಅಂಗೈ ಹಿಂಬದಿ ಐದು ಸೆಕೆಂಡು ಇಡಿ, ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ದೀಪಾವಳಿಗೆ ಎರಡು ತಿಂಗಳ ಮೊದಲಿಂದ ಪಟಾಕಿ ಸದ್ದನ್ನು ತೀರ ಸಣ್ಣದಾಗಿ ಕೇಳಿಸಿ. ಸದ್ದು ಮೊದಲು, ತಿಂಡಿ ಆಮೇಲೆ. ತಿರುವುಮುರುವಾದರೆ ತಿಂಡಿ ಕಂಡಾಗ ನಡುಗೋದು ಕಲಿಯುತ್ತದೆ.

ವೀಲ್‌ಚೇರ್ ಗೆಳತಿ, ಮೈಸೂರು

ವಿಡಿಯೊ ನೋಡಿದೆ. ಹತ್ತರಲ್ಲಿ ಏಳು ಸಲ ಕ್ಲಿಕ್ ಆಗುವಾಗ ಕರ್ಚೀಫು ಗಾಳಿಯಲ್ಲಿತ್ತು. ಕೋಲು ಕತ್ತರಿಸಿಟ್ಟಾಗಿದೆ. ಎಡಗೈಯಲ್ಲಿ ಕೋಲು ಹಿಡಿದರೆ ತಿಂಡಿ ಪೈಪು ಯಾವ ಕಡೆ ಕಟ್ಟಲಿ?

ಕೊಡಗು ಕಾಫಿ

ಬಲಗಡೆ, ಬಟ್ಟಲು ಕಾಲಿಡುವ ಹಲಗೆಗಿಂತ ಒಂದಡಿ ಮುಂದೆ ಇರಲಿ. ಹಲಗೆಯ ಪಕ್ಕಕ್ಕೇ ಇಟ್ಟರೆ ಮುಂಗಾಲು ಚಿಕ್ಕ ಚಕ್ರದ ಕೆಳಗೆ ಬರುತ್ತದೆ. ಎರಡೂ ಬ್ರೇಕ್ ಹಾಕಿಯೇ ಶುರು ಮಾಡಿ.